ಸ್ಟೆಬಿಲಿಟಿ ಕಂಟ್ರೋಲ್ ದೀಪ ಆರದಿದ್ದಾಗ: ಸೆನ್ಸರ್‌ಗಳನ್ನು ತಾಳೆ ನೋಡುವ ಬಗೆ

ಡ್ಯಾಶ್‌ಬೋರ್ಡ್‌ನಲ್ಲಿ ಜಾರುವ ಕಾರಿನ ಚಿತ್ರವಿರುವ ಹಳದಿ ದೀಪ ಮಿನುಗಿದರೆ ಗಾಬರಿ ಬೇಡ. ಕಾರು ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ವ್ಯವಸ್ಥೆ ಆ ಕ್ಷಣ ಕೆಲಸ ಮಾಡುತ್ತಿದೆ ಎಂದರ್ಥ. ಮಳೆಗಾಲದಲ್ಲಿ ಆಗುಂಬೆ ಘಾಟಿಯ ತಿರುವುಗಳಲ್ಲಿ ಇದನ್ನು ನೀವು ನೋಡಿರಬಹುದು. ಆರದೆ ಉರಿಯುತ್ತಲೇ ಇದ್ದರೆ ಮಾತ್ರ ದೋಷ ಹುಡುಕಬೇಕು. ಅದಕ್ಕೂ ಮೊದಲು, ಯಾರಾದರೂ ಈ ವ್ಯವಸ್ಥೆಯ ಆಫ್ ಸ್ವಿಚ್ ಒತ್ತಿದ್ದಾರೆಯೇ ಎಂದು ನೋಡಿ.

1995ರಲ್ಲಿ ಬಾಷ್ ಮತ್ತು ಮರ್ಸಿಡಿಸ್-ಬೆಂಜ್ ಸೇರಿ ಮಾರುಕಟ್ಟೆಗೆ ತಂದ ಈ ವ್ಯವಸ್ಥೆಯ ತಿರುಳು ಒಂದು ಹೋಲಿಕೆ. ಚಾಲಕ ಎತ್ತ ಹೋಗಬಯಸಿದ್ದಾನೆ ಎಂಬುದನ್ನು ಸ್ಟೀರಿಂಗ್ ಆ್ಯಂಗಲ್ ಸೆನ್ಸರ್ ಹೇಳುತ್ತದೆ. ಕಾರು ನಿಜಕ್ಕೂ ಎಷ್ಟು ಬೇಗ ತಿರುಗುತ್ತಿದೆ ಎಂಬುದನ್ನು ಯಾ-ರೇಟ್ ಸೆನ್ಸರ್, ಪಕ್ಕಕ್ಕೆ ಎಷ್ಟು ಎಳೆತವಿದೆ ಎಂಬುದನ್ನು ಲ್ಯಾಟರಲ್ ಸೆನ್ಸರ್, ವೇಗವನ್ನು ನಾಲ್ಕು ಚಕ್ರಗಳ ಸೆನ್ಸರ್‌ಗಳು ಹೇಳುತ್ತವೆ. ಬಯಕೆಗೂ ನಡೆಗೂ ತಾಳೆಯಾಗದಿದ್ದರೆ ಕಂಪ್ಯೂಟರ್ ಬೇಕಾದ ಚಕ್ರಕ್ಕಷ್ಟೇ ಬ್ರೇಕ್ ಹಾಕುತ್ತದೆ.

ಎಲ್ಲ ಸೆನ್ಸರ್‌ಗಳೂ ಒಂದೇ ತಿರುವಿನ ಸಾಕ್ಷಿಗಳಾದ್ದರಿಂದ ನಾವೂ ಅವುಗಳನ್ನು ಒಂದಕ್ಕೊಂದು ತಾಳೆ ನೋಡಬಹುದು. ಖಾಲಿ ಮೈದಾನದಲ್ಲಿ 10 ಮೀಟರ್ ತ್ರಿಜ್ಯದ ವೃತ್ತದ ಮೇಲೆ ಗಂಟೆಗೆ 20 ಕಿ.ಮೀ. ವೇಗದಲ್ಲಿ ಸುತ್ತಿ. ಸುತ್ತಳತೆ ಸುಮಾರು 63 ಮೀಟರ್; ಒಂದು ಸುತ್ತಿಗೆ 11.3 ಸೆಕೆಂಡ್ ಬೇಕು. 360 ಡಿಗ್ರಿಯನ್ನು 11.3ರಿಂದ ಭಾಗಿಸಿದರೆ ಸೆಕೆಂಡಿಗೆ 32 ಡಿಗ್ರಿ; ಕಾರಿನ ಕಂಪ್ಯೂಟರ್‌ಗೆ ಜೋಡಿಸಿ ಅಂಕಿ ಓದುವ ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಯಾ-ರೇಟ್ ಇದರ ಆಸುಪಾಸಿನಲ್ಲಿರಬೇಕು. ಲ್ಯಾಟರಲ್ ಸೆನ್ಸರ್ ಸುಮಾರು 0.31 ಜಿ (ಜಿ ಎಂದರೆ ಭೂಮಿಯ ಗುರುತ್ವದ ಎಳೆತ) ತೋರಿಸಬೇಕು. ಮೊಬೈಲ್‌ನ ಸ್ಟಾಪ್‌ವಾಚ್ ಸಾಕು, ಸುತ್ತಿನ ಸಮಯ ಅಳೆಯಲು ದುಬಾರಿ ಉಪಕರಣ ಬೇಡ. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದ ಮೇಲೆಯೇ ನನಗೆ ವಿಷಯ ಅರ್ಥವಾದದ್ದು.

ಲ್ಯಾಟರಲ್ ಸೆನ್ಸರ್ ಪರೀಕ್ಷಿಸುವಾಗ ಒಂದು ಎಚ್ಚರಿಕೆ. ನಾನು ಕಲಿಯುತ್ತಿರುವ ಉಡುಪಿಯ ಗ್ಯಾರೇಜಿನ ಅಂಗಳದಲ್ಲಿ ನಿಂತ ಕಾರೊಂದರಲ್ಲಿ ಅದು 0.05 ಜಿ ತೋರಿಸುತ್ತಿತ್ತು. ಸೆನ್ಸರ್ ಕೆಟ್ಟಿದೆ ಎಂದು ಬರೆದುಕೊಂಡೆ. ಹಿರಿಯ ಮೆಕ್ಯಾನಿಕ್ ಮಾತಾಡದೆ ಕಾರನ್ನು ಹಿಂದುಮುಂದಾಗಿ ತಿರುಗಿಸಿ ಅದೇ ಜಾಗದಲ್ಲಿ ನಿಲ್ಲಿಸಿದರು. ಅಂಕಿ ಮೈನಸ್ 0.05 ಆಯಿತು. ಮಳೆನೀರು ಹರಿದುಹೋಗಲೆಂದು ಆ ಅಂಗಳವನ್ನು ಮೂರು ಡಿಗ್ರಿಯಷ್ಟು ವಾಲಿಸಿ ಮಾಡಿದ್ದರು. ಸೆನ್ಸರ್ ಅದನ್ನೇ ಹೇಳುತ್ತಿತ್ತು. ಕಾರು ತಿರುಗಿಸಿದರೂ ಚಿಹ್ನೆ ಬದಲಾಗದಿದ್ದರೆ ಮಾತ್ರ ಸೆನ್ಸರ್ ಮೇಲೆ ಅನುಮಾನ ಪಡಿ.

ಇನ್ನು ದೋಷವಿದ್ದಾಗ ಸ್ಕ್ಯಾನರ್ ತೋರಿಸುವ ಕೋಡ್‌ಗಳು. ಸಿ0051 ಸ್ಟೀರಿಂಗ್ ಸೆನ್ಸರ್‌ಗೆ, ಸಿ0061 ಲ್ಯಾಟರಲ್‌ಗೆ, ಸಿ0063 ಯಾ-ರೇಟ್‌ಗೆ, ಸಿ0040 ಬಲ ಮುಂಚಕ್ರದ ವೇಗದ ಸೆನ್ಸರ್‌ಗೆ ಸಂಬಂಧಿಸಿದವು. ಸಂಬಂಧಿಸಿದವು ಎಂಬ ಮಾತಿಗೆ ಅಡಿಗೆರೆ ಎಳೆದುಕೊಳ್ಳಿ. ಕೋಡ್ ತೋರಿಸುವುದು ಆ ಸರ್ಕ್ಯೂಟನ್ನು. ಅದರಲ್ಲಿ ವೈರ್ ಇದೆ, ಕನೆಕ್ಟರ್ ಇದೆ, ಚಕ್ರದ ಸೆನ್ಸರ್ ಆದರೆ ಅದು ಓದುವ ಬೇರಿಂಗ್‌ನ ಅಯಸ್ಕಾಂತದ ಉಂಗುರವೂ ಇದೆ.

ಕರಾವಳಿಯಲ್ಲಿ ಇದು ಬಹಳ ಮುಖ್ಯ. ದಿನವೂ ಮಲ್ಪೆಗೆ ಹೋಗಿಬರುವ ಕಾರೊಂದು ಬಂದಿತ್ತು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಸಿಲುಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಮತ್ತು ಸ್ಟೆಬಿಲಿಟಿ, ಎರಡೂ ದೀಪ ಉರಿಯುತ್ತಿದ್ದವು. ಎರಡೂ ಒಟ್ಟಿಗೆ ಹತ್ತಿದರೆ ನನ್ನ ಮೊದಲ ಅನುಮಾನ ಚಕ್ರದ ಸೆನ್ಸರ್ ಮೇಲೆ, ಏಕೆಂದರೆ ಅದನ್ನು ಎರಡು ವ್ಯವಸ್ಥೆಗಳೂ ಬಳಸುತ್ತವೆ. ಬೇರೊಂದು ಗ್ಯಾರೇಜಿನಲ್ಲಿ ಬಲ ಮುಂಚಕ್ರದ ಸೆನ್ಸರನ್ನು ಆಗಲೇ ಬದಲಾಯಿಸಿದ್ದರು. ಮೊದಲ ಮಳೆಗೇ ಸಿ0040 ಮರಳಿತ್ತು. ಸ್ಕ್ಯಾನರ್ ಹಾಕಿ ನೋಡಿದರೆ ನೇರ ರಸ್ತೆಯಲ್ಲಿ ನಾಲ್ಕೂ ಚಕ್ರಗಳ ವೇಗ ಒಂದೇ. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ನಿಧಾನವಾಗಿ ಸುತ್ತಿದಾಗ ಎಲ್ಲಕ್ಕಿಂತ ವೇಗವಾಗಿ ಉರುಳಬೇಕಾದ ಬಲ ಮುಂಚಕ್ರದ ಅಂಕಿ ಸೊನ್ನೆಗೆ ಬಿತ್ತು. ಸ್ಟೀರಿಂಗ್ ಜೊತೆ ಚಕ್ರ ಹೊರಳಿದಾಗ ವೈರ್ ಬಾಗುತ್ತದೆ, ಬಾಗಿದಾಗ ಸಂಪರ್ಕ ತಪ್ಪುತ್ತದೆ.

ಚಕ್ರ ಕಳಚಿ ಬೆರಳಿನಿಂದ ವೈರನ್ನು ಸವರುತ್ತ ಹೋದಾಗ ಒಂದು ಕಡೆ ಮೆತ್ತಗಿತ್ತು. ಹೊದಿಕೆ ಸೀಳಿದರೆ ಒಳಗೆ ತಾಮ್ರವೇ ಇಲ್ಲ, ಹಸಿರು ಕಿಲುಬಿನ ಪುಡಿ. ಹೊರಗೆ ಸೂಜಿಮೊನೆಯಷ್ಟು ತೂತು. ಹಿಂದೆ ಯಾರೋ ಮಲ್ಟಿಮೀಟರ್‌ನ ಮೊನೆಯನ್ನು ವೈರಿಗೆ ಚುಚ್ಚಿ ಪರೀಕ್ಷಿಸಿದ್ದರು. ಉಪ್ಪುನೀರು ಆ ದಾರಿಯಲ್ಲೇ ಒಳನುಗ್ಗಿತ್ತು. ದಯವಿಟ್ಟು ವೈರ್ ಚುಚ್ಚಬೇಡಿ. ಕನೆಕ್ಟರ್‌ನ ಹಿಂಬದಿಯಿಂದ ಅಳೆಯಿರಿ.

ಅಳೆಯುವಾಗಲೂ ಚಕ್ರದ ಸೆನ್ಸರ್‌ನ ಜಾತಿ ತಿಳಿದಿರಬೇಕು. ಹಳೆಯ ಕಾಯಿಲ್ ಮಾದರಿಯಲ್ಲಿ ಓಮ್ ಅಳೆಯಬಹುದು, ಅದು ಸಾಮಾನ್ಯವಾಗಿ ಸಾವಿರದ ಆಸುಪಾಸು. ವಿದ್ಯುತ್ ಪೂರೈಸಿದರೆ ಮಾತ್ರ ಕೆಲಸ ಮಾಡುವ ಈಗಿನ ಸಕ್ರಿಯ ಸೆನ್ಸರ್‌ಗೆ ಓಮ್ ಮೀಟರ್ ಹಚ್ಚಬಾರದು. ಇಗ್ನಿಷನ್ ಆನ್ ಮಾಡಿ ವೋಲ್ಟೇಜ್ ಬರುತ್ತಿದೆಯೇ ನೋಡಿ; ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ ಕರೆಂಟ್ 7 ಮತ್ತು 14 ಮಿಲಿಆಂಪಿಯರ್‌ಗಳ ನಡುವೆ ಜಿಗಿಯಬೇಕು.

ಆ ಕಾರಿಗೆ ಹೊಸ ಸೆನ್ಸರ್ ಬೇಕಾಗಲಿಲ್ಲ. ಕೆಟ್ಟ ಭಾಗ ಕತ್ತರಿಸಿ, ಹೊಸ ವೈರ್ ಬೆಸೆದು, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ವೈರನ್ನು ಬಿಗಿಯುವ ಕೊಳವೆ) ಹಾಕಿ, ಕೋಡ್ ಅಳಿಸಿದೆವು. ಮಳೆಯಲ್ಲೇ ಮಣಿಪಾಲದ ಏರು ಹತ್ತಿ ಇಳಿದೆವು. ಅಂಗಳಕ್ಕೆ ಬಂದು ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಮತ್ತೆ ಸುತ್ತಿದಾಗ ಬಲ ಮುಂಚಕ್ರದ ಅಂಕಿ ಉಳಿದ ಮೂರಕ್ಕಿಂತ ಮೇಲೆಯೇ ನಿಂತಿತು.