ರಿಫಂಡ್ ಬರುತ್ತೆ ಅಂತ ಇವತ್ತೇ ಸಾಲ ಮಾಡಿದರೆ

ಕಲಬುರಗಿ ಜಿಲ್ಲೆಯಲ್ಲಿ ರಸ್ತೆ, ಚರಂಡಿ, ಶಾಲೆ ರಿಪೇರಿಯಂಥ ಕೆಲಸ ಹಿಡಿಯುವ ಸಣ್ಣ ಗುತ್ತಿಗೆದಾರರ ಬಿಲ್ಲುಗಳು ಜಾಸ್ತಿ ಪಾಸಾಗುವುದು ಮಾರ್ಚ್‌ನಲ್ಲಿ. ಹಣ ಕೈಗೆ ಬರುವ ಮೊದಲೇ ನೂರಕ್ಕೆ ಒಂದು ರೂಪಾಯಿ ಟಿಡಿಎಸ್, ಅಂದರೆ ಮುಂಚಿತವಾಗಿಯೇ ಹಿಡಿಯುವ ಆದಾಯ ತೆರಿಗೆ, ಮುರಿದುಕೊಳ್ಳುತ್ತಾರೆ. ಗುತ್ತಿಗೆ ಬಿಲ್ಲಿಗೆ ಈ ಟಿಡಿಎಸ್ ಬಂದಿದ್ದು 1972ರಲ್ಲಿ. ವರ್ಷಕ್ಕೆ 40 ಲಕ್ಷದ ಕೆಲಸ ಮಾಡಿದವರ 40,000 ರೂಪಾಯಿ ಹೀಗೆ ಸರ್ಕಾರದ ಹತ್ತಿರ ಉಳಿಯುತ್ತದೆ. ಲಾಭ ತೆರಿಗೆ ಬೀಳುವಷ್ಟು ಇಲ್ಲದಿದ್ದರೆ ಅಷ್ಟೂ ವಾಪಸ್ ಬರಬೇಕು. ಆದರೆ ಯಾವಾಗ?

ಮಾರ್ಚ್‌ವರೆಗಿನ ಟಿಡಿಎಸ್ ಲೆಕ್ಕ ಸಲ್ಲಿಸಲು ಇಲಾಖೆಗಳಿಗೆ ಮೇ ಕೊನೆಯವರೆಗೆ ಸಮಯವಿದೆ. ಅದು ನಿಮ್ಮ ಹೆಸರಿನಲ್ಲಿ ಮುರಿದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ಕಾಣಿಸಿದ ಮೇಲೆ ರಿಟರ್ನ್, ಆಮೇಲೆ ರಿಫಂಡ್. ಅಷ್ಟರಲ್ಲಿ ಮಿರಗದ ಮಳೆ ಬಿದ್ದಿರುತ್ತದೆ, ತೊಗರಿ ಬಿತ್ತಬೇಕು, ಮಕ್ಕಳ ಫೀಸು ಕಟ್ಟಬೇಕು, ಆಗ "ಹೆಂಗೂ ರಿಫಂಡ್ ಬರ್ತದಲ್ಲ" ಎಂದು ನೂರಕ್ಕೆ ಮೂರರ ಬಡ್ಡಿಗೆ ಕೈಸಾಲ ತೆಗೆಯುತ್ತಾರೆ.

ಲೆಕ್ಕ ಹಾಕಿ ನೋಡಿ. 40,000ಕ್ಕೆ ತಿಂಗಳ ಬಡ್ಡಿ 1,200 ರೂಪಾಯಿ. ಮೊದಲ ತಿಂಗಳದ್ದು ಮುರಿದುಕೊಂಡರೆ ಕೈಗೆ ಬರುವುದೇ 38,800. ತಡವಾದ ರಿಫಂಡಿಗೆ ಸರ್ಕಾರವೂ ಬಡ್ಡಿ ಕೊಡುತ್ತದೆ, 1961ರ ಆದಾಯ ತೆರಿಗೆ ಕಾಯ್ದೆಯ 244ಎ ಸೆಕ್ಷನ್ ಹೇಳಿದ್ದು ಅದನ್ನೇ. ಆದರೆ 2003ರಿಂದ ಅದು ತಿಂಗಳಿಗೆ ನೂರಕ್ಕೆ ಐವತ್ತು ಪೈಸೆ ಮಾತ್ರ, ಅಂದರೆ 200 ರೂಪಾಯಿ. ನಿಮ್ಮದೇ ದುಡ್ಡಿಗೆ 200 ಬರುತ್ತೆ, ಅದನ್ನು ನಂಬಿ ತಂದ ಸಾಲಕ್ಕೆ 1,200 ಹೋಗುತ್ತೆ. ಇದು ಅನ್ಯಾಯ ಅಲ್ವಾ?

ಅಮೆರಿಕದಲ್ಲಂತೂ ಇದೇ ದೊಡ್ಡ ವ್ಯಾಪಾರವಾಗಿತ್ತು. 1986ರಲ್ಲಿ ಅಲ್ಲಿನ ತೆರಿಗೆ ಇಲಾಖೆ ಕಂಪ್ಯೂಟರ್ ಮೂಲಕ ರಿಟರ್ನ್ ಪಡೆಯಲು ಪ್ರಯೋಗ ಶುರು ಮಾಡಿತು. ಆ ದಶಕ ಮುಗಿಯುವುದರೊಳಗೆ ರಿಟರ್ನ್ ತುಂಬಿಕೊಡುವ ಅಂಗಡಿಗಳು ಬ್ಯಾಂಕುಗಳ ಜೊತೆ ಸೇರಿ ರಿಫಂಡ್ ಮೇಲೆ ಸಾಲ ಕೊಡತೊಡಗಿದವು. ತೆಗೆದುಕೊಂಡವರಲ್ಲಿ ಬಹಳಷ್ಟು ಜನ ಕಡಿಮೆ ಕೂಲಿಯ ದುಡಿಮೆಗಾರರು. 2002ರ ಹೊತ್ತಿಗೆ ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಸಾಲ. 3,000 ಡಾಲರ್‌ಗೆ 100 ಡಾಲರ್ ಶುಲ್ಕ, ರಿಫಂಡ್ ಹತ್ತು ದಿನಕ್ಕೆ ಬಂತು ಎಂದಿಟ್ಟುಕೊಂಡರೆ ವರ್ಷದ ಬಡ್ಡಿ ನೂರಕ್ಕೆ 120 ದಾಟುತ್ತದೆ. ಹತ್ತು ದಿನ ಕಾದಿದ್ದರೆ ಏನೂ ಕೊಡಬೇಕಿರಲಿಲ್ಲ.

ಅದು ಹೇಗೆ ನಿಂತಿತು ಗೊತ್ತಾ? ರಿಫಂಡಿನಲ್ಲಿ ಹಳೆ ಬಾಕಿ ಮುರಿಯುತ್ತಾರಾ ಎಂಬ ಮಾಹಿತಿಯನ್ನು ತೆರಿಗೆ ಇಲಾಖೆಯೇ ಕೊಡುತ್ತಿತ್ತು, ಸಾಲ ಕೊಡುವವರಿಗೆ ಅದೇ ಧೈರ್ಯ. 2011ರ ಹಂಗಾಮಿನಿಂದ ಅದನ್ನು ನಿಲ್ಲಿಸಿದರು. ಬ್ಯಾಂಕ್ ನಿಯಂತ್ರಕರೂ ಬಿಗಿ ಮಾಡಿದರು. 2012ರ ನಂತರ ಬ್ಯಾಂಕುಗಳ ಆ ಹಳೆ ಬಗೆಯ ಸಾಲ ಮುಗಿಯಿತು.

ನಮ್ಮಲ್ಲಿ ರಿಫಂಡ್ ಮೊದಲಿಗಿಂತ ಬೇಗ ಬರುತ್ತದೆ. ಕಾಗದದ ರಿಟರ್ನ್ ಕೊಟ್ಟು ಚೆಕ್ಕಿಗೆ ಕಾಯುವ ಕಾಲ ಹೋಯಿತು. ರಿಟರ್ನ್‌ಗಳನ್ನು ಒಂದೇ ಕಡೆ ಪರಿಶೀಲಿಸುವ ಬೆಂಗಳೂರಿನ ಸಿಪಿಸಿ ಕೇಂದ್ರ ಬಂತು, 2019ರ ಮಾರ್ಚ್‌ನಿಂದ ಪ್ಯಾನ್‌ಗೆ ಜೋಡಿಸಿದ ಖಾತೆಗೇ ಹಣ. ಆದರೂ ಬಿಲ್ ಪಾಸು ಮಾಡಿದ ಇಲಾಖೆ ಟಿಡಿಎಸ್ ಲೆಕ್ಕ ಸರಿಯಾಗಿ ಸಲ್ಲಿಸದಿದ್ದರೆ ನಿಮ್ಮ ಹೆಸರಿನಲ್ಲಿ ಹಣ ಕಾಣಿಸುವುದೇ ಇಲ್ಲ. ಹಳೆ ತೆರಿಗೆ ಬಾಕಿ ಇದ್ದರೆ ರಿಫಂಡನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಸಾಲ ಕೊಟ್ಟವರು ಇದ್ಯಾವುದನ್ನೂ ಕೇಳುವುದಿಲ್ಲ.

ಸಾಲ ಮಾಡುವುದಕ್ಕಿಂತ ಟಿಡಿಎಸ್ ಮುರಿಯದಂತೆಯೇ ನೋಡಿಕೊಳ್ಳುವುದು ಒಳ್ಳೆಯದು. ಸೇಡಂ, ವಾಡಿಯ ಸಿಮೆಂಟ್ ಸಾಗಿಸುವ ಲಾರಿ ಮಾಲೀಕರಲ್ಲಿ ಹತ್ತು ಅಥವಾ ಕಡಿಮೆ ಗಾಡಿ ಇದ್ದವರಿಗೆ, ಪ್ಯಾನ್ ಜೊತೆ ಬರೆದುಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ ಇಲ್ಲ. ಗುತ್ತಿಗೆದಾರರು ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಬಹುದು. ಈಗಾಗಲೇ ಮುರಿದಿದ್ದರೆ 26ಎಎಸ್ ನೋಡಿ, ಬೇಗ ರಿಟರ್ನ್ ಹಾಕಿ, 30 ದಿನದೊಳಗೆ ಇ-ವೆರಿಫೈ ಮಾಡಿ, ಅಂದರೆ ರಿಟರ್ನ್ ನಿಮ್ಮದೇ ಎಂದು ಆನ್‌ಲೈನ್‌ನಲ್ಲಿ ಖಚಿತಪಡಿಸಿ. ಅದು ಆಗದೆ ರಿಫಂಡಿನ ಕೆಲಸ ಶುರುವೇ ಆಗುವುದಿಲ್ಲ.