ಪಿಷ್ಟದ ಕವರ್‌ಗೆ ಗಟ್ಟಿತನ ಬಂದದ್ದು ಎಲ್ಲಿಂದ?

ಮರಗೆಣಸಿನ ಪಿಷ್ಟವನ್ನು ನೀರಲ್ಲಿ ಕಲಸಿ, ಸ್ವಲ್ಪ ಗ್ಲಿಸರಿನ್ ಹಾಕಿ, ಗಂಜಿಯಾಗುವವರೆಗೆ ಕಾಯಿಸಿ, ತಟ್ಟೆಗೆ ತೆಳ್ಳಗೆ ಸುರಿದು ಒಣಗಿಸಿ. ಪ್ಲಾಸ್ಟಿಕ್‌ನಂಥದೇ ಹಾಳೆ ಏಳುತ್ತದೆ. ಮೊದಲು ಚೆನ್ನಾಗಿ ಬಾಗುತ್ತದೆ. ಕೆಲವು ವಾರ ಕಳೆದರೆ ಮಡಚಿದಲ್ಲೇ ಬಿರುಕು. ಮಳೆಗಾಲದಲ್ಲಂತೂ ತೇವ ಹೀರಿ ಮೆತ್ತಗಾಗುತ್ತದೆ.

ರಾತ್ರಿ ಮಿಕ್ಕ ಅನ್ನ ಬೆಳಿಗ್ಗೆ ಬಿರುಸಾಗುತ್ತದೆ ಅಲ್ವಾ? ಇಲ್ಲೂ ಅದೇ ಆಗುವುದು. ಪಿಷ್ಟದ ಅಣುಗಳ ಉದ್ದನೆಯ ಎಳೆಗಳು ನಿಧಾನವಾಗಿ ಮತ್ತೆ ಒತ್ತೊತ್ತಾಗಿ ಕೂಡಿಕೊಳ್ಳುತ್ತವೆ. ಗ್ಲಿಸರಿನ್ ಜಾಸ್ತಿ ಮಾಡಿದರೆ ಹಾಳೆ ಬಾಗುತ್ತದೆ, ಆದರೆ ಎಳೆದರೆ ಬೇಗ ಹರಿಯುತ್ತದೆ.

1970ರ ದಶಕದಲ್ಲಿ ಬ್ರಿಟನ್ನಿನ ಜೆರಾಲ್ಡ್ ಗ್ರಿಫಿನ್ ಪಾಲಿಥೀನ್‌ಗೇ ಪಿಷ್ಟದ ಕಾಳು ಬೆರೆಸಿದರು. ಗಟ್ಟಿತನವೆಲ್ಲ ಪಾಲಿಥೀನ್‌ನದು. ಪಿಷ್ಟ ಕೊಳೆತ ಮೇಲೂ ಪಾಲಿಥೀನ್ ಮಣ್ಣಲ್ಲೇ ಉಳಿಯುತ್ತಿತ್ತು. ಅದೇ ದಶಕದಲ್ಲಿ ಅಮೆರಿಕದ ಪಿಯೋರಿಯಾದ ಸರ್ಕಾರಿ ಕೃಷಿ ಪ್ರಯೋಗಾಲಯದಲ್ಲಿ ಫೀಲಿಕ್ಸ್ ಓಟೇ ಪಿಷ್ಟದ ಪಾಲನ್ನು ಬಹಳ ಹೆಚ್ಚಿಸಿದರು. ಆದರೂ ಜೊತೆಗಿದ್ದದ್ದು ಎಥಿಲೀನ್-ಅಕ್ರಿಲಿಕ್ ಆಸಿಡ್ ಎಂಬ ಕೊಳೆಯದ ಪ್ಲಾಸ್ಟಿಕ್.

ದಾರಿ ಬದಲಾಗಿದ್ದು ಇಟಲಿಯ ನೊವಾರಾದಲ್ಲಿ. ಅಲ್ಲಿನ ನೊವಾಮಾಂಟ್ ಸಂಸ್ಥೆಯಲ್ಲಿ ಕಾಟಿಯಾ ಬಾಸ್ಟಿಯೋಲಿ ತಂಡ ಪಿಷ್ಟವನ್ನು ಕೊಳೆಯಬಲ್ಲ ಪಾಲಿಮರ್‌ಗಳ (ಉದ್ದ ಸರಪಳಿಯಂಥ ಅಣುಗಳ ವಸ್ತುಗಳ) ಜೊತೆ ಬೆಸೆದು ಮೇಟರ್-ಬಿ ಎಂಬ ವಸ್ತು ತಯಾರಿಸಿತು. 1998ರಲ್ಲಿ ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್‌ನ ಇಕೋಫ್ಲೆಕ್ಸ್ ಬಂತು. ಇದು ಪಿಬಿಎಟಿ ಎಂಬ ಪಾಲಿಯೆಸ್ಟರ್. ಚೆನ್ನಾಗಿ ಹಿಗ್ಗುತ್ತದೆ, ಕಾಂಪೋಸ್ಟ್‌ನಲ್ಲಿ ಕೊಳೆಯುತ್ತದೆ, ಆದರೆ ಮುಖ್ಯವಾಗಿ ಪೆಟ್ರೋಲಿಯಂನಿಂದ ಬರುತ್ತದೆ. ಇಂದು ‘ಜೋಳದ ಕವರ್’ ಅಂತ ಮಾರುವ ಎಷ್ಟೋ ಚೀಲಗಳ ಬಲ ಇದರದ್ದೇ. ಅದರಲ್ಲಿ ತಪ್ಪೇನಿಲ್ಲ. ಆದರೆ ಎಷ್ಟು ಪಾಲು ಪಿಷ್ಟ ಅಂತ ಕವರಿನ ಮೇಲೇ ಬರೆಯಬೇಕು.

ಪಿಷ್ಟಕ್ಕೇ ಬಲ ತುಂಬುವ ಪ್ರಯತ್ನವೂ ನಡೆದೇ ಇದೆ. ನನಗೆ ಹೆಚ್ಚು ಭರವಸೆ ಇರುವುದು ಇದರಲ್ಲೇ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿಮಣ್ಣಿನ ಒಂದೊಂದು ಪದರ ಸುಮಾರು ಒಂದು ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) ದಪ್ಪ. ಪದರಗಳು ಬಿಡಿಬಿಡಿಯಾಗಿ ಹರಡಿದರೆ ನೂರಕ್ಕೆ ಐದು ಭಾಗದಷ್ಟು ಬೆರೆಸಿದರೂ ಹಾಳೆ ಗಟ್ಟಿಯಾಗುತ್ತದೆ, ನೀರಾವಿ ನುಸುಳುವುದೂ ಕಡಿಮೆಯಾಗುತ್ತದೆ. ಗಂಟುಕಟ್ಟಿದರೆ ಆ ಗಂಟಿನ ಹತ್ತಿರವೇ ಹರಿಯುತ್ತದೆ. ಮರದ ತಿರುಳಿನಿಂದ ತೆಗೆದ ನ್ಯಾನೋ ಸೆಲ್ಯುಲೋಸ್ ನಾರು ಪಿಷ್ಟದ ಜೊತೆ ಚೆನ್ನಾಗಿ ಹೊಂದುತ್ತದೆ, ಎರಡೂ ಗ್ಲುಕೋಸ್‌ನಿಂದಲೇ ಆದವು. ಸಿಟ್ರಿಕ್ ಆಸಿಡ್ ಎಳೆಗಳ ನಡುವೆ ಕೊಂಡಿ ಹಾಕಿ ನೀರು ಹೀರುವುದನ್ನು ತಗ್ಗಿಸುತ್ತದೆ. ಜಾಸ್ತಿಯಾದರೆ ಅದೇ ಆಸಿಡ್ ಎಳೆಗಳನ್ನು ತುಂಡರಿಸಲೂಬಹುದು.

ಭಾರತದಲ್ಲಿ 2022ರ ಜುಲೈ 1ರಿಂದ ಹಲವು ಬಗೆಯ ಏಕಬಳಕೆ ಪ್ಲಾಸ್ಟಿಕ್ ನಿಷೇಧವಾಗಿದೆ. ಪ್ರಮಾಣೀಕೃತ ಕಾಂಪೋಸ್ಟಬಲ್ (ಕೊಳೆತು ಗೊಬ್ಬರವಾಗುವ) ಚೀಲಗಳಿಗೆ ಅವಕಾಶವಿದೆ. ಹಾಗಾಗಿ ಹೊಸ ಹಾಳೆ ಇಷ್ಟು ಗಟ್ಟಿ ಅಂತ ಯಾರಾದರೂ ಹೇಳಿದರೆ, ಒಣಗಿಸಿ ಎಷ್ಟು ದಿನಕ್ಕೆ, ಎಷ್ಟು ತೇವದಲ್ಲಿ ಅಳೆದಿರಿ ಅಂತ ಕೇಳಲೇಬೇಕು. ಮಂಗಳೂರಿನ ಜುಲೈ ತಿಂಗಳಲ್ಲಿ ಒಂದು ಕೆಜಿ ತರಕಾರಿ ಹೊರಲು ಆ ಚೀಲಕ್ಕೆ ಆಗಬೇಕು.