ಎರಡು ಹೊತ್ತು ಉಜ್ಜಿದರೂ ಕ್ಲಿಪ್ ಹಾಕಿದ ಹಲ್ಲಿಗೆ ಬಿಳಿ ಕಲೆ ಯಾಕೆ?

ಪ್ರಶ್ನೆ: ನಮ್ಮದು ಹೊಸನಗರದ ಹತ್ತಿರ ಹಳ್ಳಿ. ಮಗನಿಗೆ 13 ವರ್ಷ. ಶಿವಮೊಗ್ಗದಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿ ಎಂಟು ತಿಂಗಳಾಯಿತು. ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಹಲ್ಲುಜ್ಜುತ್ತಾನೆ. ಆದರೂ ಮೊನ್ನೆ ಹೋದಾಗ ಹಲ್ಲಿನ ಮೇಲೆ ಬಿಳಿ ಕಲೆ ಬರುತ್ತಿದೆ, ಹೀಗೇ ಬಿಟ್ಟರೆ ಹುಳುಕಾಗುತ್ತದೆ ಎಂದರು. ಉಜ್ಜುವಾಗ ವಸಡಿನಲ್ಲಿ ರಕ್ತ ಬೇರೆ ಬರುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ನಿಮ್ಮ ಮಗ ಉಜ್ಜುತ್ತಿಲ್ಲ ಅಂತಲ್ಲ. ಉಜ್ಜಲೇಬೇಕಾದ ಒಂದು ಜಾಗ ಅವನಿಗೆ ತಪ್ಪಿಹೋಗುತ್ತಿದೆ. ಕ್ಲಿಪ್ ಹಾಕಿಸಿಕೊಂಡ ಹತ್ತರಲ್ಲಿ ಎಂಟು ಮಕ್ಕಳ ಬಾಯಲ್ಲಿ ನಾನು ಕಾಣುವುದೂ ಇದನ್ನೇ ಎನ್ನಬಹುದು.

ಮಳೆಗಾಲದಲ್ಲಿ ನಿಮ್ಮ ಅಂಗಳದಲ್ಲಿ ಪಾಚಿ ಎಲ್ಲಿ ಹಿಡಿಯುತ್ತದೆ, ನೆನಪು ಮಾಡಿಕೊಳ್ಳಿ. ಓಡಾಡುವ ಜಾಗದಲ್ಲಿ ಅಷ್ಟಿರುವುದಿಲ್ಲ. ತುಳಸಿಕಟ್ಟೆಯ ಬುಡ, ಮೆಟ್ಟಿಲ ಸಂದಿ, ಪೊರಕೆ ಹೋಗದ ಮೂಲೆ, ಅಲ್ಲೇ ದಪ್ಪಗೆ ಕೂತಿರುತ್ತದೆ. ಬಾಯಲ್ಲೂ ಅಷ್ಟೇ. ಹಲ್ಲಿಗೆ ಅಂಟಿಸಿದ ಪುಟ್ಟ ಬಿಲ್ಲೆಗೂ ವಸಡಿಗೂ ನಡುವೆ ಎರಡು-ಮೂರು ಮಿಲಿಮೀಟರ್ ಅಗಲದ ಒಂದು ಪಟ್ಟಿ ಉಳಿಯುತ್ತದೆ. ಮಕ್ಕಳು ಬ್ರಶ್ಶನ್ನು ಬಿಲ್ಲೆಗಳ ಮೇಲೆ ಗರಗರ ಎಳೆಯುತ್ತಾರೆ. ಲೋಹ ಫಳಫಳ ಹೊಳೆಯುತ್ತದೆ. ಆ ಪಟ್ಟಿಗೆ ಮಾತ್ರ ಬ್ರಶ್ಶಿನ ಕೂದಲು ತಾಗಿಯೇ ಇರುವುದಿಲ್ಲ.

ಅಲ್ಲಿ ಕೂತ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಆಮ್ಲ ಹಲ್ಲಿನ ಮೇಲ್ಪದರದ ಖನಿಜವನ್ನು ಕರಗಿಸುತ್ತದೆ. ಸುಣ್ಣ ಬಳಿದ ಹಾಗೆ ಕಾಣುವ ಆ ಬಿಳಿ ಕಲೆ ಇದೇ, ಹುಳುಕಿನ ಮೊದಲ ಮೆಟ್ಟಿಲು. ಸರಿಯಾಗಿ ಉಜ್ಜದ ಹಲ್ಲಿನಲ್ಲಿ ಇದು ಕಾಣಿಸಿಕೊಳ್ಳಲು ಒಂದು ತಿಂಗಳು ಸಾಕು. ಕ್ಲಿಪ್ ಇರುವುದು ಸಾಮಾನ್ಯವಾಗಿ ಒಂದೂವರೆ-ಎರಡು ವರ್ಷ. ಹಾಗಾಗಿ ಈಗಲೇ ಗೊತ್ತಾಗಿದ್ದು ಒಳ್ಳೆಯದೇ ಆಯಿತು. ಗುಂಡಿ ಬೀಳದ ಕಲೆಯನ್ನು ಅಲ್ಲಿಗೇ ನಿಲ್ಲಿಸಬಹುದು. ಕೆಲವು ಮಾಸುತ್ತವೆ, ಕೆಲವು ಸ್ವಲ್ಪ ಉಳಿದುಬಿಡುತ್ತವೆ.

ಹೋದ ವರ್ಷ ಸಾಗರದ ಕಡೆಯ ಒಬ್ಬ ಹುಡುಗ ಬಂದಿದ್ದ. ಈಗಷ್ಟೇ ಉಜ್ಜಿಕೊಂಡು ಬಂದಿದ್ದೇನೆ ಅಂದ. ಸುಳ್ಳಲ್ಲ, ಪೇಸ್ಟಿನ ವಾಸನೆ ಇತ್ತು. ಪಾಚಿಗೆ ಬಣ್ಣ ಹಿಡಿಸುವ ಒಂದು ಮಾತ್ರೆ ಇದೆ. ಅದನ್ನು ಅಗಿಸಿ, ಬಾಯಿ ಮುಕ್ಕಳಿಸಿಸಿ, ಕೈಗೆ ಕನ್ನಡಿ ಕೊಟ್ಟೆ. ವಸಡಿನ ಉದ್ದಕ್ಕೂ ಗುಲಾಬಿ ಬಣ್ಣದ ಗೆರೆ. ಪ್ರತಿ ಬಿಲ್ಲೆಯ ಸುತ್ತ ಒಂದು ಉಂಗುರ. ಹುಡುಗ ಮಾತಾಡಲಿಲ್ಲ. ಬೆರಳಿನಲ್ಲಿ ಗೆರೆಯನ್ನು ಮುಟ್ಟಿ ನೋಡಿದ. ಆಮೇಲೆ ಅಲ್ಲೇ ಬೇಸಿನ್ ಹತ್ತಿರ ನಿಂತು, ಬಣ್ಣ ಪೂರ್ತಿ ಹೋಗುವ ತನಕ ಉಜ್ಜಿದ. ಐದು ನಿಮಿಷ ಹಿಡಿಯಿತು. ಆ ಐದು ನಿಮಿಷ ಅವನಿಗೆ ಕಲಿಸಿದಷ್ಟು ನನ್ನ ಆರು ತಿಂಗಳ ಉಪದೇಶ ಕಲಿಸಿರಲಿಲ್ಲ. ನಿಮ್ಮ ಡಾಕ್ಟರ ಹತ್ತಿರವೂ ಈ ಮಾತ್ರೆ ಕೇಳಿ ನೋಡಿ.

ಉಜ್ಜುವ ಕ್ರಮ ಹೀಗಿರಲಿ. ಮೊದಲು ಬ್ರಶ್ಶನ್ನು ವಸಡಿನ ಕಡೆಗೆ ಓರೆಯಾಗಿ ಹಿಡಿದು, ಅರ್ಧ ಕೂದಲು ವಸಡಿಗೆ, ಅರ್ಧ ಹಲ್ಲಿಗೆ ತಾಗುವಂತೆ, ಸಣ್ಣ ಸಣ್ಣ ಸುತ್ತು ಹಾಕಬೇಕು. ಒಂದು ಕಡೆ ನಿಧಾನವಾಗಿ ಹತ್ತು ಸುತ್ತು, ಆಮೇಲೆ ಪಕ್ಕದ ಹಲ್ಲು. ಇದು ಮುಗಿದ ಮೇಲೆ ಬಿಲ್ಲೆಯ ಮೇಲ್ಗಡೆಯಿಂದ ಕೆಳಮುಖವಾಗಿ, ಕೆಳಗಡೆಯಿಂದ ಮೇಲ್ಮುಖವಾಗಿ. ಕೊನೆಗೆ ಒಳಬದಿ, ಅಗಿಯುವ ಭಾಗ. ಮೆತ್ತನೆ ಕೂದಲಿನ ಬ್ರಶ್ಶೇ ಸಾಕು, ಒತ್ತುವುದು ಬೇಡ. ತಂತಿಗೆ ಸಿಕ್ಕಿ ಬ್ರಶ್ ಬೇಗ ಹಾಳಾಗುತ್ತದೆ. ಕೂದಲು ಹರಡಿಕೊಂಡ ಕೂಡಲೇ ಬದಲಿಸಿ, ಮೂರು ತಿಂಗಳು ಕಾಯಬೇಡಿ. ತಂತಿಯ ಹಿಂದೆ ತೂರಿಸಲು ಇಂಟರ್‌ಡೆಂಟಲ್ ಬ್ರಶ್ ಅಂತ ಸಿಗುತ್ತದೆ. ಮಗುವಿನ ಹಾಲಿನ ಬಾಟಲಿ ತೊಳೆಯುವ ಬ್ರಶ್ಶಿನ ಹಾಗೇ ಇರುತ್ತದೆ, ಕಡ್ಡಿಯಷ್ಟು ಸಣ್ಣ. ರಾತ್ರಿ ಅದನ್ನೂ ಬಳಸಲಿ.

ರಾತ್ರಿಯ ಉಜ್ಜುವಿಕೆಯನ್ನು ಮಾತ್ರ ಬಿಡಲೇಬಾರದು. ನಿದ್ದೆಯಲ್ಲಿ ಎಂಜಲು ಕಡಿಮೆಯಾಗುತ್ತದೆ. ಆಮ್ಲವನ್ನು ತೊಳೆದು ಹಲ್ಲು ಕಾಯುವುದೇ ಎಂಜಲು. ನಮ್ಮ ಕಡೆ ಮಳೆ ಬಂತೆಂದರೆ ಕರೆಂಟ್ ಹೋಗುತ್ತದೆ, ಬಚ್ಚಲು ಆಚೆ ಇರುತ್ತದೆ, ಚಳಿ ಬೇರೆ. ಮಕ್ಕಳು ಬಾಯಿಗೆ ನೀರು ಹಾಕಿ ಉಗುಳಿ ಓಡಿಬರುತ್ತಾರೆ. ಊಟವಾದ ಕೂಡಲೇ ಜಗಲಿಯಲ್ಲಿ ಕೂತು, ಒಂದು ಚೊಂಬು ಬಿಸಿನೀರು, ಒಂದು ಕನ್ನಡಿ ಇಟ್ಟುಕೊಂಡು ಉಜ್ಜಲಿ. ಮುಗಿದ ಮೇಲೆ ನೀವು ಮೊಬೈಲ್ ಟಾರ್ಚ್ ಹಾಕಿ, ತುಟಿ ಎತ್ತಿಸಿ ಆ ಪಟ್ಟಿಯನ್ನು ನೋಡಿ. ಅರ್ಧ ನಿಮಿಷದ ಕೆಲಸ. 13 ವರ್ಷದವನಿಗೆ ಇನ್ನೂ ನಾನು ನೋಡಬೇಕಾ ಅಂದುಕೊಳ್ಳಬೇಡಿ. ಕ್ಲಿಪ್ ಇರುವಷ್ಟು ದಿನ ನೋಡಬೇಕು.

ರಕ್ತ ಬರುತ್ತದೆ ಅಂತ ಆ ಜಾಗ ಬಿಟ್ಟು ಉಜ್ಜುತ್ತಿದ್ದಾನಾ ಕೇಳಿ. ಹೆಚ್ಚಿನವರು ಹಾಗೇ ಮಾಡುತ್ತಾರೆ. ಪಾಚಿಯಿಂದ ವಸಡು ಊದಿಕೊಂಡಿರುವುದಕ್ಕೇ ರಕ್ತ ಬರುವುದು. ಮೆತ್ತಗೆ, ಬಿಡದೆ ಉಜ್ಜಿದರೆ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಆಗಲಿಲ್ಲ ಅಂದರೆ ತೋರಿಸಿ.

ಪೇಸ್ಟ್ ಫ್ಲೋರೈಡ್ ಇರುವುದೇ ಆಗಬೇಕು. ಡಬ್ಬಿಯ ಮೇಲೆ 1000 ಪಿಪಿಎಂ ಆಸುಪಾಸು ಬರೆದಿದೆಯಾ ನೋಡಿ. ಪಾವಗಡದ ಬೋರ್‌ವೆಲ್ ನೀರಿನ ಫ್ಲೋರೈಡ್ ತೊಂದರೆ ಓದಿ ಹೆದರಿದ ತಾಯಂದಿರು ಫ್ಲೋರೈಡ್ ಇಲ್ಲದ ಪೇಸ್ಟ್ ಹುಡುಕುತ್ತಾರೆ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಅದು ವರ್ಷಗಟ್ಟಲೆ ಹೊಟ್ಟೆಗೆ ಹೋದ ನೀರಿನ ಕಥೆ. ಫ್ಲೋರೈಡ್ ಹೆಚ್ಚಾಗಿ ಹಲ್ಲಿಗೆ ಕಲೆ ಬರುವುದು ಹಲ್ಲು ವಸಡಿನೊಳಗೆ ಬೆಳೆಯುತ್ತಿರುವ ಎಳೆ ವಯಸ್ಸಿನಲ್ಲಿ. ನಿಮ್ಮ ಮಗ ಪೇಸ್ಟ್ ಉಗುಳುತ್ತಾನೆ, ನುಂಗುವುದಿಲ್ಲ. ಕರಗಿದ ಖನಿಜ ಮತ್ತೆ ಕೂರಲು ಫ್ಲೋರೈಡ್ ಬೇಕೇ ಬೇಕು. ಉಗುಳಿದ ಮೇಲೆ ಚೊಂಬುಗಟ್ಟಲೆ ನೀರು ಹಾಕಿ ಮುಕ್ಕಳಿಸುವುದು ಬೇಡ, ಸ್ವಲ್ಪ ಬಾಯಲ್ಲೇ ಇರಲಿ. ಬಿಳಿ ಕಲೆ ಹೋಗಲಿ ಅಂತ ಉಪ್ಪು, ಇದ್ದಿಲು ಹಾಕಿ ತಿಕ್ಕಲೇಬೇಡಿ. ಮೆತ್ತಗಾದ ಪದರ ಇನ್ನಷ್ಟು ಸವೆಯುತ್ತದೆ.

ತಿನ್ನುವುದರಲ್ಲಿ ಎರಡು ಲೆಕ್ಕ. ಒಂದು, ಬಿಲ್ಲೆ ಕೀಳುವಂಥದ್ದು: ಕಬ್ಬು ಸಿಗಿಯುವುದು, ಗಟ್ಟಿ ಚಕ್ಕುಲಿ, ಅಡಿಕೆ ಚೂರು, ಕಾಯಿ ಪೇರಲೆ ಕಚ್ಚುವುದು. ಹಣ್ಣನ್ನು ಕತ್ತರಿಸಿ ಕೊಡಿ. ಚಿಕ್ಕಿ, ಟಾಫಿ ಬೇಡವೇ ಬೇಡ. ಇನ್ನೊಂದು ಸಕ್ಕರೆ. ಇಲ್ಲಿ ಎಷ್ಟು ತಿಂದ ಎನ್ನುವುದಕ್ಕಿಂತ ಎಷ್ಟು ಸಲ ತಿಂದ ಎನ್ನುವುದು ಮುಖ್ಯ. ದೋಸೆ ಜೊತೆ ಜೋನಿಬೆಲ್ಲ ತಿಂದು ಮುಗಿಸಿದರೆ ಅಷ್ಟು ತೊಂದರೆ ಇಲ್ಲ. ಅದೇ ಬೆಲ್ಲವನ್ನು ಮಧ್ಯಾಹ್ನವೆಲ್ಲ ಬೆರಳಲ್ಲಿ ನೆಕ್ಕುತ್ತಿದ್ದರೆ, ಮುರುಗಲ ಶರಬತ್ತನ್ನು ಗುಟುಕು ಗುಟುಕಾಗಿ ಒಂದು ತಾಸು ಕುಡಿದರೆ, ಅಷ್ಟು ಹೊತ್ತೂ ಹಲ್ಲು ಆಮ್ಲದಲ್ಲೇ ನೆನೆಯುತ್ತಿರುತ್ತದೆ. ಹುಳಿ ಕುಡಿದ ಕೂಡಲೇ ಉಜ್ಜಬಾರದು. ನೀರಲ್ಲಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಲಿ. ಶಾಲೆಯಲ್ಲಿ ಊಟದ ನಂತರ ಬ್ರಶ್ ಆಗದಿದ್ದರೆ ಜೋರಾಗಿ ಮುಕ್ಕಳಿಸಿದರೂ ಬಂತು.

ತಂತಿ ಚುಚ್ಚಿದರೆ ಡಾಕ್ಟರು ಕೊಟ್ಟ ಮೇಣ ಅಂಟಿಸಿ. ಬಿಲ್ಲೆ ಬಿಟ್ಟರೆ ಫೋನ್ ಮಾಡಿ, ಮನೆಯಲ್ಲಿ ಕತ್ತರಿಸಲು ಹೋಗಬೇಡಿ. ಘಾಟಿ ಮಳೆ ಅಂತ ಜುಲೈ-ಆಗಸ್ಟಿನ ಎರಡೂ ಭೇಟಿ ತಪ್ಪಿಸುವವರು ಜಾಸ್ತಿ. ಹಾಗೆ ಮಾಡಿದರೆ ಚಿಕಿತ್ಸೆಯೂ ಉದ್ದವಾಗುತ್ತದೆ, ಪಾಚಿಯೂ ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ.

ಮುಂದಿನ ಸಲ ಶಿವಮೊಗ್ಗಕ್ಕೆ ಹೊರಡುವಾಗ ಅವನ ಬ್ರಶ್ಶನ್ನೂ ಚೀಲಕ್ಕೆ ಹಾಕಿಕೊಳ್ಳಿ. ಬಸ್ಸಿಳಿದು ಏನಾದರೂ ತಿಂದಿರುತ್ತೀರಿ, ಹೇಗೂ ಉಜ್ಜಬೇಕು. ಡಾಕ್ಟರ ಎದುರೇ ಉಜ್ಜಿ ತೋರಿಸಲಿ, ಎಲ್ಲಿ ತಪ್ಪುತ್ತಿದೆ ಅಂತ ಅವರೇ ಬೆರಳಿಟ್ಟು ಹೇಳುತ್ತಾರೆ. ಕಲೆಯ ಮೇಲೆ ಫ್ಲೋರೈಡ್ ವಾರ್ನಿಶ್ ಬಳಿಯಬೇಕಾ ಎಂದೂ ಆಗಲೇ ಕೇಳಿ.